ಪೂಜೆಗೆ ಇಟ್ಟ ಫೈಲು

ದೆವ್ವದ ಕಥೆ ಹೇಳುವವರು ಸಿಕ್ಕರೆ ನಾನು ಸುಮ್ಮನೆ ಬಿಡುವವನಲ್ಲ. ಎಷ್ಟು ದೂರದಲ್ಲಿತ್ತು, ಲೈಟ್ ಇತ್ತೇ, ಆವತ್ತು ಊಟಕ್ಕೆ ಏನು ತಿಂದಿದ್ದಿರಿ ಎಂದು ಕೇಳಿ ಕೇಳಿ ಅವರೇ ಬೇಸತ್ತು ಎದ್ದು ಹೋಗುವಂತೆ ಮಾಡುತ್ತಿದ್ದೆ. ಹಾಗಾಗಿ ನಾನು ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೇನೂ ಸಿಟ್ಟಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ. ಆದರೆ ನಡೆದದ್ದಂತೂ ನಡೆದಿದೆ. ಈ ವರ್ಷದ ಆಯುಧ ಪೂಜೆಯ ರಾತ್ರಿ, ಬಾಂದ್ರಾದ ಒಂದು ಆಸ್ಪತ್ರೆಯಲ್ಲಿ, ನನ್ನ ಈ ಕಣ್ಣೆದುರಿಗೇ ನಡೆದಿದೆ. ಆಸ್ಪತ್ರೆಯ ಹೆಸರು ಮಾತ್ರ ಕೇಳಬೇಡಿ. ಅಲ್ಲಿಯ ಜನ ಒಳ್ಳೆಯವರು, ಅವರಿಗೆ ತೊಂದರೆಯಾಗುವುದು ಬೇಡ.

ನನ್ನ ಹೆಸರು ಶ್ರೀಧರ. ನಮ್ಮದು ಮೈಸೂರು ಕಡೆಯ ಕುಟುಂಬ, ಆದರೆ ನಾನು ಹುಟ್ಟಿ ಬೆಳೆದದ್ದೆಲ್ಲ ಬಾಂಬೆಯ ಆಂಟಾಪ್ ಹಿಲ್‌ನಲ್ಲಿ. ಕೆಲಸ ಮಲಾಡ್‌ನ ಒಂದು ಸಣ್ಣ ಕಂಪನಿಯಲ್ಲಿ. ಆಫೀಸು, ಆಸ್ಪತ್ರೆಗಳಿಗೆ ಕಂಪ್ಯೂಟರ್ ಹಾಕಿಕೊಡುತ್ತೇವೆ, ಕೆಟ್ಟರೆ ಹೋಗಿ ರಿಪೇರಿ ಮಾಡುತ್ತೇವೆ. ಅವುಗಳಲ್ಲಿ ನಡೆಯುವುದು ಯುನಿಕ್ಸ್ ಎಂಬ ವ್ಯವಸ್ಥೆ. ಅದರ ಒಂದು ವಿಷಯ ನಿಮಗೆ ಗೊತ್ತಿರಬೇಕು, ಇಲ್ಲದಿದ್ದರೆ ನನಗೆ ಬೆವರಿದ್ದೇಕೆ ಎಂದು ಅರ್ಥವಾಗುವುದಿಲ್ಲ.

ಯುನಿಕ್ಸ್‌ನಲ್ಲಿ ಪ್ರತಿಯೊಂದು ಫೈಲಿಗೂ ಒಬ್ಬ ಒಡೆಯ ಇರುತ್ತಾನೆ. ಅದನ್ನು ಯಾರು ಓದಬಹುದು, ಯಾರು ತಿದ್ದಬಹುದು ಎಂಬ ಅಪ್ಪಣೆ ಫೈಲಿನ ಹೆಸರಿನ ಪಕ್ಕದಲ್ಲೇ ಇರುತ್ತದೆ. ಅದಕ್ಕೆ ನಾವು ಪರ್ಮಿಷನ್ ಎನ್ನುತ್ತೇವೆ. ಅಪ್ಪಣೆ ಇಲ್ಲದವನು ಕೇಳಿದರೆ ಯಂತ್ರ ಮುಖಕ್ಕೆ ಹೊಡೆದಂತೆ "ಪರ್ಮಿಷನ್ ಡಿನೈಡ್" ಎಂದುಬಿಡುತ್ತದೆ. ಆದರೆ ಇವರೆಲ್ಲರ ಮೇಲೆ ರೂಟ್ ಎಂಬ ಒಬ್ಬನಿದ್ದಾನೆ. ರೂಟ್‌ನ ಪಾಸ್‌ವರ್ಡ್ ಇದ್ದವನಿಗೆ ಇಡೀ ಬಿಲ್ಡಿಂಗಿನ ಕೀಲಿಗೊಂಚಲು ಸಿಕ್ಕಂತೆ. ಅವನ ಮುಂದೆ ಯಾವ ಬೀಗವೂ ನಿಲ್ಲುವುದಿಲ್ಲ.

ಅಂದು ರಜೆ. ಸ್ಕೂಟರ್ ತೊಳೆದು, ಹಾರ ಹಾಕಿ, ಗಾಲಿಗೆ ನಿಂಬೆಹಣ್ಣು ಇಟ್ಟು ಪೂಜೆ ಮುಗಿಸಿದ್ದೆ. ತೊಂಬತ್ತರ ದಶಕಕ್ಕೆ ಕಾಲಿಟ್ಟರೂ ನಮ್ಮ ಬಿಲ್ಡಿಂಗಿನಲ್ಲಿ ಫೋನ್ ಇರುವುದು ಕೆಳಗಿನ ಮನೆಯವರ ಹತ್ತಿರ ಮಾತ್ರ. ರಾತ್ರಿ ಊಟಕ್ಕೆ ಕೂತಿದ್ದೆ, ಅವರು ಕೆಳಗಿನಿಂದಲೇ ಕೂಗಿದರು. ಅವಸರದಲ್ಲಿ ಇಳಿದು ಹೋದೆ. ಆ ಕಡೆ ಡಾಕ್ಟರ್ ವಸುಧಾ, ಆಸ್ಪತ್ರೆಯ ಬ್ಲಡ್ ಬ್ಯಾಂಕ್ ನೋಡಿಕೊಳ್ಳುವವರು. ಅವರೂ ಮೈಸೂರಿನವರೇ.

"ಶ್ರೀಧರ್, ಈಗ್ಲೇ ಹೊರಟು ಬರಬೇಕು ಕಣ್ರೀ. ಡೋನರ್ ಫೈಲ್ ಓಪನ್ ಆಗ್ತಿಲ್ಲ."

"ಹಬ್ಬ ಮೇಡಂ... ಬೆಳಿಗ್ಗೆ ಬಂದ್ರೆ ಆಗಲ್ವಾ?"

"ಬೆಳಿಗ್ಗೆ ತನಕ ಆಕೆ ಉಳಿಯಲ್ಲ."

ಅವರೇ ಹೇಳಿದರು. ಶಾಂತವ್ವ ಎಂಬ ಹೆಂಗಸು, ಬಿಜಾಪುರ ಕಡೆಯವಳು, ಬಿಲ್ಡಿಂಗ್ ಕೆಲಸದವಳು. ಮಧ್ಯಾಹ್ನ ಹೆರಿಗೆಯಾಗಿದೆ. ಮಗು ಚೆನ್ನಾಗಿದೆ, ತಾಯಿಯ ರಕ್ತಸ್ರಾವ ನಿಲ್ಲುತ್ತಿಲ್ಲ. ಆಕೆಯದು ನಮ್ಮ ಊರಿನ ಹೆಸರನ್ನೇ ಹೊತ್ತ ಬಾಂಬೆ ಗ್ರೂಪ್. ಹತ್ತು ಸಾವಿರದಲ್ಲಿ ಒಬ್ಬರು ಸಿಕ್ಕರೆ ಹೆಚ್ಚು. ಮಾಮೂಲಿ ಪರೀಕ್ಷೆಯಲ್ಲಿ ಓ ಗ್ರೂಪ್ ಎಂದೇ ಕಾಣುತ್ತದಂತೆ, ಆದರೆ ಓ ಗ್ರೂಪಿನ ರಕ್ತ ಕೊಟ್ಟರೆ ವಿಷವಾಗುತ್ತದಂತೆ. ಅದೇ ಗ್ರೂಪಿನವರೇ ಬಂದು ಕೊಡಬೇಕು. ಅಂಥವರ ಹೆಸರು, ವಿಳಾಸ ಇರುವುದು ಆ ಒಂದು ಫೈಲಿನಲ್ಲಿ. ಹಳೆಯ ಪುಸ್ತಕ ಮಳೆಗಾಲದಲ್ಲಿ ಕಪಾಟಿನೊಳಗೆ ನೀರಿಳಿದು ಮುದ್ದೆಯಾಗಿತ್ತು. ಅದಾದ ಮೇಲೇ ಅವರು ಕಂಪ್ಯೂಟರ್ ತರಿಸಿದ್ದು.

ಹಾರ ಹಾಕಿದ ಸ್ಕೂಟರ್ ಅನ್ನೇ ಹತ್ತಿ ಹೊರಟೆ. ರಸ್ತೆಯುದ್ದಕ್ಕೂ ಒಡೆದ ಬೂದುಗುಂಬಳ, ಅದರ ಮೇಲೆ ಕುಂಕುಮ. ಲೈಟಿನ ಬೆಳಕಿನಲ್ಲಿ ಅದು ಕಾಣುವ ರೀತಿ ಅಂದು ನನಗೆ ಹಿಡಿಸಲಿಲ್ಲ. ಮಾಹಿಮ್ ಖಾಡಿಯ ಕೊಳಕು ನೀರಿನ ಹತ್ತಿರ ಎಂದಿನ ಕೊಳೆತ ವಾಸನೆ. ಅದನ್ನು ದಾಟಿದರೆ ಬಾಂದ್ರಾ. ಮೂಗು ಮುಚ್ಚಿಕೊಂಡು ಒಂದೇ ಉಸಿರಿಗೆ ದಾಟಿದೆ.

ಕಂಪ್ಯೂಟರ್ ಕೋಣೆ ಬ್ಲಡ್ ಬ್ಯಾಂಕಿನ ಹಿಂದೆ, ಕಾರಿಡಾರಿನ ಕೊನೆಯಲ್ಲಿದೆ. ಬಾಗಿಲು ತೆಗೆದರೆ... ಏಸಿಯ ತಣ್ಣನೆ ಗಾಳಿಯಲ್ಲಿ ಕರ್ಪೂರ, ಊದುಬತ್ತಿ, ಬಾಡುತ್ತಿರುವ ಚೆಂಡುಹೂವಿನ ವಾಸನೆ ಕಟ್ಟಿಕೊಂಡಿತ್ತು. ಯಂತ್ರಕ್ಕೆ ಮಾವಿನ ತೋರಣ, ಟರ್ಮಿನಲ್ ಹಣೆಗೆ ಅರಿಶಿನ ಕುಂಕುಮ. ಅದರ ಮೇಲೆ... ನೀರು ತುಂಬಿದ ಕಲಶ! ಲಕ್ಷಗಟ್ಟಲೆ ಬೆಲೆಯ ಯಂತ್ರದ ನೆತ್ತಿಯ ಮೇಲೆ!

"ಯಾರ್ರೀ ಇದನ್ನ ಇಟ್ಟಿದ್ದು?" ಎಂದು ಬೊಬ್ಬೆ ಹೊಡೆದೆ.

ಮೂಲೆಯಲ್ಲಿ ಗಿರಿಜಾ ನಿಂತಿದ್ದಳು. ಅಲ್ಲಿಯ ಕಂಪ್ಯೂಟರ್ ಆಪರೇಟರ್. ಉಡುಪಿ ಕಡೆಯ ಹುಡುಗಿ, ಕೆಲಸದಲ್ಲಿ ಗಟ್ಟಿ. ಅತ್ತು ಅತ್ತು ಅವಳ ಮುಖ ಊದಿತ್ತು.

"ನಾನೇ ಸರ್. ನಮ್ಮಲ್ಲಿ ಪುಸ್ತಕ ಎಲ್ಲ ದೇವಿ ಎದುರು ಇಡುದು ಉಂಟಲ್ಲ, ಮರುದಿವಸ ತನಕ ಯಾರೂ ಓದ್ಲಿಕ್ಕಿಲ್ಲ. ಇಲ್ಲಿ ಪುಸ್ತಕ ಎಲ್ಲಿ ಉಂಟು? ಎಲ್ಲ ಫೈಲೇ ಅಲ್ವಾ. ಅದಕ್ಕೆ ಫೈಲನ್ನೇ ಪೂಜೆಗೆ ಇಟ್ಟೆ."

"ಫೈಲನ್ನ ಹೇಗಮ್ಮಾ ಪೂಜೆಗೆ ಇಡ್ತಾರೆ?"

ಅವಳು ಹೇಳಿದ್ದು ಕೇಳಿ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಬೆಳಿಗ್ಗೆ ರೂಟ್ ಆಗಿ ಒಳಗೆ ಹೋಗಿದ್ದಾಳೆ. 'ದೇವಿ' ಎಂಬ ಹೊಸ ಹೆಸರು ಸೃಷ್ಟಿ ಮಾಡಿದ್ದಾಳೆ. ಎಲ್ಲ ಫೈಲುಗಳ ಒಡೆತನವನ್ನು ಆ ದೇವಿಗೆ ಬರೆದುಕೊಟ್ಟಿದ್ದಾಳೆ. ಆಮೇಲೆ ಯಾರೂ ಓದಬಾರದು, ಯಾರೂ ಬರೆಯಬಾರದು ಎಂದು ಅಷ್ಟೂ ಪರ್ಮಿಷನ್ ತೆಗೆದುಹಾಕಿದ್ದಾಳೆ. ಬೆಳಗಾದ ಮೇಲೆ ಕಲಶ ಕದಲಿಸಿ ಎಲ್ಲವನ್ನೂ ಮೊದಲಿನಂತೆ ಮಾಡುವ ಲೆಕ್ಕ. ಡಾಕ್ಟರಿಗೂ ಹೇಳಿದ್ದಾಳೆ. ಅವರು "ಮಾಡಮ್ಮ, ಒಳ್ಳೇದೇ" ಎಂದಿದ್ದಾರೆ. ಪೂಜೆಗೆ ಇಡುವುದೆಂದರೆ ಹೂವು ಇಡುವುದು ಎಂದುಕೊಂಡಿದ್ದಾರೆ ಪಾಪ.

"ಮಧ್ಯಾಹ್ನ ಯಾಕೋ ಹೆದರಿಕೆ ಆಯ್ತು ಸರ್. ದೇವಿಗೆ ಪಾಸ್‌ವರ್ಡ್ ಕೊಡುದು ಸರಿ ಕಾಣ್ಲಿಲ್ಲ. ಆ ಹೆಸರನ್ನು ಅಳಿಸಿ ಹಾಕಿದೆ. ರಾತ್ರಿ ಈ ಕೇಸ್ ಬಂದ ತಕ್ಷಣ ಎಲ್ಲ ಫೈಲ್ ಓಪನ್ ಮಾಡಿದೆ. ಎಲ್ಲ ಆಯ್ತು. ಇದೊಂದು ಮಾತ್ರ ಆಗುದಿಲ್ಲ."

"ರೂಟ್ ಆಗಿ ಹೋಗಿರಲ್ಲ ನೀನು," ಎಂದು ನಾನು ಕುರ್ಚಿ ಎಳೆದುಕೊಂಡು ಕೂತೆ. ಎರಡು ನಿಮಿಷದ ಕೆಲಸ ಎಂದುಕೊಂಡಿದ್ದೆ.

ರೂಟ್ ಆಗಿ ಒಳಗೆ ಹೋದೆ. ಫೈಲಿನ ವಿವರ ಕೇಳಿದೆ. ಹಸಿರು ಅಕ್ಷರದಲ್ಲಿ ಒಂದು ಸಾಲು ಬಂತು. ಪರ್ಮಿಷನ್ ಇರಬೇಕಾದ ಕಡೆ ಬರೀ ಗೆರೆಗಳು. ಗಾತ್ರ ಮೂರು ಹೆಸರಿನಷ್ಟು. ಒಬ್ಬೊಬ್ಬ ಡೋನರಿಗೆ ಇಷ್ಟೇ ಅಕ್ಷರ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ ಎಂದು ಪ್ರೋಗ್ರಾಮ್ ಬರೆದವನು ನಾನೇ. ಹಾಗಾಗಿ ಗಾತ್ರ ನೋಡಿದರೆ ಎಷ್ಟು ಹೆಸರಿದೆ ಎಂದು ಹೇಳಬಲ್ಲೆ. ಒಡೆಯನ ಹೆಸರು... ದೇವಿ.

"ಅಳಿಸಿದೆ ಅಂದ್ಯಲ್ಲ?"

"ಪಕ್ಕಾ ಅಳಿಸಿದ್ದೇನೆ ಸರ್."

ಯಂತ್ರ ಬಳಸುವವರ ಹೆಸರುಗಳೆಲ್ಲ ಇರುವ ಮೂಲ ಫೈಲನ್ನು ತೆಗೆದು ನೋಡಿದೆ. ಅವಳು ಹೇಳಿದ್ದು ನಿಜ. ದೇವಿ ಎಂಬ ಹೆಸರು ಅಲ್ಲಿ ಇರಲಿಲ್ಲ. ಇಲ್ಲಿ ಒಂದು ಮಾತು. ಅಳಿಸಿದ ಹೆಸರನ್ನು ಯಂತ್ರ ನೆನಪಿಟ್ಟುಕೊಳ್ಳುವುದಿಲ್ಲ. ಅದಕ್ಕೆ ಗೊತ್ತಿರುವುದು ನಂಬರ್ ಮಾತ್ರ. ಹೆಸರು ಅಳಿಸಿದ ಮೇಲೆ ಒಡೆಯನ ಜಾಗದಲ್ಲಿ ಒಂದು ನಂಬರ್ ಕಾಣಬೇಕು. ನಂಬರ್ ಇರಲಿಲ್ಲ. ದೇವಿ ಎಂದೇ ಇತ್ತು.

ಇರಲಿ, ಆಮೇಲೆ ನೋಡೋಣ ಎಂದು ಫೈಲು ತೆಗೆಯಲು ಹೇಳಿದೆ.

ಪರ್ಮಿಷನ್ ಡಿನೈಡ್.

ನಾನು ರೂಟ್ ಹೌದೋ ಅಲ್ಲವೋ ಎಂದು ಯಂತ್ರವನ್ನೇ ಕೇಳಿದೆ. ಹೌದು, ನೀನು ರೂಟ್ ಎಂದಿತು. ಮತ್ತೆ ತೆಗೆಯಲು ಹೇಳಿದೆ. ಮತ್ತೆ ಅದೇ ಉತ್ತರ. ಒಡೆಯನನ್ನು ಬದಲಿಸು ಎಂದೆ. ಇಲ್ಲ. ಪರ್ಮಿಷನ್ ಕೊಡು ಎಂದೆ. ಇಲ್ಲ. ಇಷ್ಟು ವರ್ಷ ಈ ಕೆಲಸ ಮಾಡಿದ್ದೇನೆ, ರೂಟ್‌ಗೆ ಇಲ್ಲ ಎಂದ ಫೈಲನ್ನು ನಾನು ನೋಡಿಲ್ಲ. ಯಾರಾದರೂ ನೋಡಿದ್ದೇನೆ ಎಂದರೆ ಸುಳ್ಳು ಹೇಳುತ್ತೀಯ ಎನ್ನುತ್ತಿದ್ದೆ. ಆ ತಣ್ಣನೆ ಕೋಣೆಯಲ್ಲಿ ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತು.

"ಬ್ಯಾಕಪ್ ಟೇಪ್ ಎಲ್ಲಿ?" ಎಂದೆ. ಎಲ್ಲ ಫೈಲುಗಳ ನಕಲು ಇರುವುದು ಅದರಲ್ಲಿ.

ಗಿರಿಜಾ ಕಲಶದ ಕಡೆ ಕೈ ತೋರಿಸಿದಳು. ಟೇಪುಗಳನ್ನು ಪೀಠ ಮಾಡಿ ಅದರ ಮೇಲೇ ಕಲಶ ಇಟ್ಟಿದ್ದಳು. ಕಲಶ ಜಿನುಗಿತ್ತು. ಟೇಪಿನೊಳಗೆಲ್ಲ ನೀರು. ಬಾಯಿಗೆ ಬಂದ ಬೈಗುಳವನ್ನು ನುಂಗಿಕೊಂಡೆ.

ಆಗ ಬಾಗಿಲ ಹತ್ತಿರ ಯಾರೋ ಕೆಮ್ಮಿದರು. ಶಾಂತವ್ವನ ಗಂಡ ಭೀಮಪ್ಪ. ಮಣ್ಣು ಮೆತ್ತಿದ ಅದೇ ಕೆಲಸದ ಬಟ್ಟೆ. ಒಳಗೆ ಬರಲು ಹೆದರಿ ಹೊಸ್ತಿಲ ಆಚೆಯೇ ನಿಂತಿದ್ದ.

"ಸಾಹೇಬ್ರ, ಹೆಸರ ಸಿಕ್ವೇನ್ರಿ?"

"ಇನ್ನೂ ಇಲ್ಲ. ನೋಡ್ತಿದ್ದೀನಿ."

"ಆಕಿ ಕಣ್ಣ ತಗೀವಲ್ಲಳ್ರಿ. ನಂದಽ ರಗತ ತಗೋರಿ ಅಂದ್ರ ನಿಂದು ಹೊಂದೂದಿಲ್ಲ ಅಂತಾರ. ಗಂಡ ಹೆಂಡ್ತಿ ರಗತ ಹೊಂದೂದಿಲ್ಲ ಅಂದ್ರ ಹೆಂಗ್ರಿ ಸಾಹೇಬ್ರ?"

ನಾನು ಪರದೆಯ ಕಡೆ ತಿರುಗಿಕೊಂಡೆ. ಅವನು ಅಲ್ಲೇ ಗೋಡೆಗೆ ಒರಗಿ ಕುಕ್ಕರುಗಾಲಲ್ಲಿ ಕೂತ. ಅವನು ಉಸಿರು ಬಿಡುವುದು ನನಗೆ ಕೇಳುತ್ತಿತ್ತು. ನನಗೆ ತುಂಬ ಭಯವಾಯಿತು. ದೆವ್ವದ ಭಯವಲ್ಲ, ಈ ಮನುಷ್ಯನ ಹೆಂಡತಿ ನನ್ನ ಕೈಯಲ್ಲಿ ಸತ್ತಳು ಎಂದಾಗುತ್ತದಲ್ಲ ಎಂಬ ಭಯ.

ಯಂತ್ರ ಆರಿಸಿ ಮತ್ತೆ ಶುರು ಮಾಡುವುದೇ ಸರಿ ಎನಿಸಿತು. ಪವರ್ ತೆಗೆದೆ. ಪರದೆ ಕಪ್ಪಾಯಿತು. ಫ್ಯಾನ್ ನಿಂತಿತು. ಏಸಿಯೂ ಅದೇ ಲೈನಿನಲ್ಲಿದ್ದುದರಿಂದ ಕೋಣೆ ಪೂರ್ತಿ ನಿಶ್ಶಬ್ದ.

ಪೂರ್ತಿ ಅಲ್ಲ...

ಕಿರ್... ಕಿರ್... ಕಿರ್...

ಡಿಸ್ಕಿನ ಸದ್ದು. ಫೈಲು ಓದುವಾಗ ಡಿಸ್ಕಿನೊಳಗಿನ ಸೂಜಿ ಅತ್ತಿತ್ತ ಓಡಾಡಿ ಮಾಡುವ ಸದ್ದು. ಕರೆಂಟ್ ಹೋದ ಮೇಲೂ ಡಿಸ್ಕು ಸ್ವಲ್ಪ ಹೊತ್ತು ಸುತ್ತುವುದು ಸಹಜ, ಅದು ನನಗೆ ಗೊತ್ತು. ಸೂಜಿ ಓಡಾಡುವುದು ಸಹಜವಲ್ಲ. ನಿಧಾನವಾಗಿ, ಬಿಟ್ಟು ಬಿಟ್ಟು, ಒಂದೊಂದೇ ಸಾಲು ಓದಿ ಯೋಚಿಸುವವರಂತೆ ಅದು ಓಡಾಡುತ್ತಿತ್ತು.

ಗಿರಿಜಾ ನನ್ನ ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ಸರ್... ಸಂಜೆಯಿಂದ ಇದೇ. ಓದ್ತಾ ಉಂಟು."

"ಯಾರು?"

ಅವಳು ಕಲಶದ ಕಡೆ ನೋಡಿದಳು.

ನಾನು ಬೇಗ ಬೇಗ ಪವರ್ ಹಾಕಿದೆ. ಫ್ಯಾನಿನ ಸದ್ದು ಬಂದಾಗ ಜೀವ ಬಂದಂತಾಯಿತು. ಡಿಸ್ಕು ಸರಿಯಿದೆಯೇ ಎಂದು ಪೂರ್ತಿ ಪರೀಕ್ಷೆ ಮಾಡಿಸಿದೆ. ಒಂದು ದೋಷವೂ ಇಲ್ಲ ಎಂದಿತು. ಫೈಲು ಮಾತ್ರ ಅದೇ ಹಟ. ಡಿಸ್ಕನ್ನೇ ಅಕ್ಷರ ಅಕ್ಷರ ಜಾಲಾಡಬೇಕೆಂದರೆ ಬೆಳಗಾಗುತ್ತಿತ್ತು.

ಆಮೇಲೆ ನಾನು ಒಂದು ಕೆಲಸ ಮಾಡಿದೆ. ಮಾಡಬಾರದಿತ್ತು ಎಂದು ಈಗ ಅನಿಸುತ್ತದೆ. ಯುನಿಕ್ಸ್ ಫೈಲನ್ನು ಕೊನೆಯ ಸಲ ಓದಿದ ಹೊತ್ತನ್ನೂ ಬರೆದಿಟ್ಟುಕೊಳ್ಳುತ್ತದೆ. ಅದನ್ನು ಕೇಳಿದೆ. ಬಂದ ಹೊತ್ತನ್ನು ನೋಡಿ ನನ್ನ ಕೈಗಡಿಯಾರ ನೋಡಿದೆ. ಎರಡೂ ಒಂದೇ. ಸ್ವಲ್ಪ ತಡೆದು ಮತ್ತೆ ಕೇಳಿದೆ. ಆ ಹೊತ್ತೂ ಮುಂದೆ ಹೋಗಿತ್ತು. ರೂಟ್‌ಗೂ ಸಿಗದ ಆ ಫೈಲನ್ನು, ನಾನು ಅದರ ಮುಂದೆ ಕೂತಿರುವಾಗಲೇ, ಒಳಗಿನಿಂದ ಯಾರೋ ಓದುತ್ತಿದ್ದರು. ಯಂತ್ರದೊಳಗೆ ಈಗ ಯಾರಿದ್ದಾರೆ ಎಂದು ಕೇಳಿದರೆ ರೂಟ್ ಎಂಬ ಒಂದೇ ಹೆಸರು ಬಂತು, ಅದು ನಾನೇ.

ಡಾಕ್ಟರ್ ವಸುಧಾ ಓಡುತ್ತಾ ಬಂದರು. "ಶ್ರೀಧರ್, ಬಿಪಿ ಬಿದ್ದುಹೋಗ್ತಿದೆ. ಸಲೈನ್ ಮೇಲೆ ಇಟ್ಟಿದ್ದೀವಿ. ಎಷ್ಟೊತ್ತು ಬೇಕು ಹೇಳಿ, ಸುಳ್ಳು ಹೇಳ್ಬೇಡಿ."

"ಗೊತ್ತಿಲ್ಲ ಮೇಡಂ."

ಗಿರಿಜಾ ಕಣ್ಣೊರೆಸಿಕೊಂಡು ಮುಂದೆ ಬಂದಳು. ಕಲಶದ ಮುಂದೆ ಕೈ ಮುಗಿದಳು. "ಅಮ್ಮಾ, ತಪ್ಪಾಯ್ತು. ಇದೊಂದನ್ನು ಬಿಟ್ಟುಕೊಡು. ಬಾಕಿದ್ದೆಲ್ಲ ಬೇಕಾದ್ರೆ ನಾಳೆ ತನಕ ಇಟ್ಕೋ," ಎಂದು ಕಲಶವನ್ನು ಒಂದು ಬೆರಳಿನಷ್ಟು ಉತ್ತರಕ್ಕೆ ಕದಲಿಸಿದಳು.

ನನಗೆ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ನಾನೂ ಕೈ ಮುಗಿದೆ. ಮತ್ತೆ ಫೈಲು ತೆಗೆಯಲು ಹೇಳಿದೆ.

ಪರ್ಮಿಷನ್ ಡಿನೈಡ್.

ಗಿರಿಜಾ ನೆಲದ ಮೇಲೆ ಕೂತುಬಿಟ್ಟಳು. ಡಾಕ್ಟರ್ ಯಾವುದೋ ಬೇರೆ ಆಸ್ಪತ್ರೆಗೆ ಮತ್ತೊಮ್ಮೆ ಫೋನ್ ಮಾಡುತ್ತೇನೆಂದು ಹೋದರು. ಭೀಮಪ್ಪ ಮೊಣಕಾಲಿನ ನಡುವೆ ತಲೆ ಇಟ್ಟುಕೊಂಡಿದ್ದ. ನಾನು ಏನು ಮಾಡಲೂ ತೋಚದೆ ಮತ್ತೊಮ್ಮೆ ಆ ಫೈಲಿನ ವಿವರ ಕೇಳಿದೆ. ಕೈ ಅಭ್ಯಾಸ, ಅಷ್ಟೇ.

ಗಾತ್ರ ಬದಲಾಗಿತ್ತು.

ಮೊದಲು ತಪ್ಪು ಓದಿದೆನೇನೋ ಎಂದುಕೊಂಡೆ. ಬೆರಳಿಟ್ಟು ಲೆಕ್ಕ ಹಾಕಿದೆ. ಫೈಲು ಸರಿಯಾಗಿ ಒಂದು ಹೆಸರಿನಷ್ಟು ಬೆಳೆದಿತ್ತು. ಮೂರು ಇದ್ದದ್ದು ನಾಲ್ಕಾಗಿತ್ತು. ಯಾರಿಗೂ ಬರೆಯುವ ಅಪ್ಪಣೆ ಇಲ್ಲದ ಫೈಲಿನಲ್ಲಿ ಯಾರೋ ಬರೆದಿದ್ದರು.

"ಗಿರಿಜಾ... ಆ ಸದ್ದು ನಿಂತಿತಾ?"

ಇಬ್ಬರೂ ಕಿವಿ ಕೊಟ್ಟೆವು. ಕಿರ್ ಕಿರ್ ಇರಲಿಲ್ಲ. ದೂರದಲ್ಲಿ ಲೋಕಲ್ ಟ್ರೈನ್ ಒಂದು ಸ್ಟೇಷನ್ ಬಿಟ್ಟು ಹೋಗುವುದು ಮಾತ್ರ ಕೇಳಿತು.

ಮತ್ತೆ ವಿವರ ಕೇಳಿದೆ. ಈಗ ಬರೀ ಗೆರೆಗಳಿದ್ದ ಜಾಗದಲ್ಲಿ ಒಂದೇ ಒಂದು ಅಕ್ಷರ ಕೂತಿತ್ತು. ಒಡೆಯನಾದವನು ಓದಬಹುದು ಎಂದು ಅದರ ಅರ್ಥ. ಒಡೆಯನ ಹೆಸರಿನ ಜಾಗದಲ್ಲಿ ದೇವಿ ಇರಲಿಲ್ಲ.

ಶ್ರೀಧರ ಎಂದು ಇತ್ತು.

ಗಿರಿಜಾ ನನ್ನ ಭುಜದ ಮೇಲಿನಿಂದ ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು. ರೂಟ್ ಆಗಿಯೇ ತೆಗೆಯಲು ನೋಡಿದೆ. ಡಿನೈಡ್. ರೂಟ್ ಬಿಟ್ಟು ಹೊರಗೆ ಬಂದು, ನನ್ನ ಸ್ವಂತ ಹೆಸರಿನಲ್ಲಿ, ಮಾಮೂಲಿ ಮನುಷ್ಯನಂತೆ ಒಳಗೆ ಹೋದೆ. ಅವಸರಕ್ಕೆ ಪಾಸ್‌ವರ್ಡ್ ತಪ್ಪಾಯಿತು. ಮತ್ತೆ ಒತ್ತಿದೆ. ಫೈಲು ತೆಗೆಯಲು ಹೇಳಿದೆ.

ಏನೂ ಆಗಿಯೇ ಇಲ್ಲವೆಂಬಂತೆ ತೆರೆದುಕೊಂಡಿತು.

ಮೊದಲ ಮೂರು ಹೆಸರುಗಳನ್ನು ನಾನು ಓದುತ್ತಾ ಹೋದೆ, ಗಿರಿಜಾ ಫೋನ್ ತಿರುಗಿಸಿದಳು. ಮೊದಲನೆಯವರು ಮಾತುಂಗಾದ ಹಿರಿಯರು, ತೀರಿಕೊಂಡು ಒಂದು ವರ್ಷವಾಗಿದೆ ಎಂದು ಮಗ ಹೇಳಿದ. ಎರಡನೆಯವನು ಗಲ್ಫ್‌ಗೆ ಹೋಗಿದ್ದಾನೆ. ಮೂರನೆಯವನದು ಹಡಗಿನ ಕೆಲಸ, ಈಗ ಯಾವ ಸಮುದ್ರದಲ್ಲಿದ್ದಾನೋ ಹೆಂಡತಿಗೂ ಗೊತ್ತಿಲ್ಲ.

ನಾಲ್ಕನೆಯದನ್ನು ನಾನು ಗಟ್ಟಿಯಾಗಿ ಓದಲಿಲ್ಲ.

ನನ್ನ ಹೆಸರು. ನನ್ನ ವಯಸ್ಸು. ಆಂಟಾಪ್ ಹಿಲ್‌ನ ನನ್ನ ಬಿಲ್ಡಿಂಗು. ಕೆಳಗಿನ ಮನೆಯವರ ಫೋನ್ ನಂಬರ್. ಕೊನೆಯ ಸಲ ರಕ್ತ ಕೊಟ್ಟ ದಿನ ಎಂಬ ಜಾಗದಲ್ಲಿ... ಅಂದಿನದೇ ತಾರೀಖು.

"ಯಾರು ಮಾಡಿದ ತಮಾಷೆ ಇದು?" ಎಂದು ನಾನು ಗಿರಿಜಾಳ ಮೇಲೆ ಹರಿಹಾಯ್ದೆ. "ಈ ಹೊತ್ತಿನಲ್ಲಿ ತಮಾಷೆನಾ?"

"ದೇವರಾಣೆ ನಾನಲ್ಲ ಸರ್! ನಾನು ನಿಮ್ಮ ಎದುರೇ ಇದ್ದೆ ಮಾರಾಯ್ರೇ!"

ನಿಜ, ಅವಳು ನನ್ನ ಎದುರಿಗೇ ಇದ್ದಳು. ಅಲ್ಲಿ ಇದ್ದ ಕೀಬೋರ್ಡ್ ಒಂದೇ, ಅದು ನನ್ನ ಕೈಕೆಳಗೇ ಇತ್ತು.

ಡಾಕ್ಟರ್ ಬಂದು ಪರದೆ ನೋಡಿದರು. ಅವರಿಗೆ ನಡೆದದ್ದೊಂದೂ ಗೊತ್ತಿಲ್ಲ. "ಇದೇನ್ರೀ, ನಿಮ್ಮದೂ ಬಾಂಬೆ ಗ್ರೂಪಾ? ಮೊದಲೇ ಹೇಳೋದಲ್ವಾ?"

"ಅಲ್ಲ ಮೇಡಂ. ನಂದು ಓ. ಕಂಪನಿ ಕಾರ್ಡಿನಲ್ಲೇ ಇದೆ ನೋಡಿ. ನಾನು ಜನ್ಮದಲ್ಲಿ ರಕ್ತ ಕೊಟ್ಟವನಲ್ಲ. ಸೂಜಿ ಕಂಡ್ರೆ ನನಗಾಗಲ್ಲ."

"ಬಾಂಬೆ ಗ್ರೂಪಿನೋರು ಎಲ್ಲರೂ ಮೊದಲು ಓ ಅಂತಲೇ ಹೇಳೋದು," ಎಂದು ಅವರು ನನ್ನ ರಟ್ಟೆ ಹಿಡಿದು ಎಬ್ಬಿಸಿದರು. "ಬನ್ನಿ, ನೋಡಿಯೇಬಿಡೋಣ."

ಲ್ಯಾಬಿನಲ್ಲಿ ಅವರು ನನ್ನ ರಕ್ತಕ್ಕೆ ಯಾವುದೋ ವಿಶೇಷ ಸೀರಮ್ ಹಾಕಿ ಗಾಜಿನ ಪಟ್ಟಿಯನ್ನು ಅಲ್ಲಾಡಿಸುತ್ತಾ ನಿಂತರು. ಸಾಮಾನ್ಯ ಓ ಗ್ರೂಪ್ ಆಗಿದ್ದರೆ ಅದು ಗಂಟುಗಂಟಾಗಬೇಕು. ಆಗಲಿಲ್ಲ. ಅವರು ಇನ್ನೊಂದು ಸಲ ಮಾಡಿದರು. ಆಮೇಲೆ ಶಾಂತವ್ವನ ರಕ್ತದ ಜೊತೆ ಬೆರೆಸಿ ನೋಡಿದರು. ನಾನು ಪ್ರತಿ ಸಲವೂ ಗಂಟಾಗಲಿ ಎಂದು ಬೇಡಿಕೊಳ್ಳುತ್ತಿದ್ದೆ. ಗಂಟಾದರೆ ಶಾಂತವ್ವ ಸಾಯುತ್ತಾಳೆ ಎಂದು ಗೊತ್ತಿದ್ದೂ ಬೇಡಿಕೊಂಡೆ. ಆಗದಿದ್ದರೆ ಆ ಫೈಲು ನಿಜವೆಂದು ಒಪ್ಪಬೇಕಾಗುತ್ತಿತ್ತಲ್ಲ.

"ಶ್ರೀಧರ್," ಎಂದರು ಡಾಕ್ಟರ್ ಮೆಲ್ಲಗೆ, "ಮಲಗಿಕೊಳ್ಳಿ."

ಮಲಗಿದೆ. ಒಂದು ಬಾಟಲಿ ಸಾಲದೆ ಇನ್ನೂ ಸ್ವಲ್ಪ ತೆಗೆದರು. ನನಗೆ ಕಣ್ಣು ಕತ್ತಲಿಟ್ಟಿತು. ಎಚ್ಚರವಾದಾಗ ಪಕ್ಕದಲ್ಲಿ ಭೀಮಪ್ಪ ಮಗುವನ್ನು ಎತ್ತಿಕೊಂಡು ನಿಂತಿದ್ದ.

"ಕಣ್ಣ ತಗದಾಳ್ರಿ ಸಾಹೇಬ್ರ. ನೀರ ಕೇಳಿದಳು." ಅವನು ಮಗುವಿನ ಸಮೇತ ಬಗ್ಗಿ ನನ್ನ ಕಾಲಿಗೆ ಹಣೆ ಹಚ್ಚಿದ. "ನಿಮ್ಮ ರಗತ ಹೊಂದತೈತಿ ಅಂತ ನಿಮಗ ಯಾರ್ ಹೇಳಿದ್ರ್ಯಪ್ಪ?"

ನಾನು ಕೈ ಚಾಚಿ ಅವನನ್ನು ಎಬ್ಬಿಸಿದೆ.

ಬೆಳಿಗ್ಗೆ ಹೊರಡುವ ಮೊದಲು ಕಂಪ್ಯೂಟರ್ ಕೋಣೆಗೆ ಹೋದೆ. ಫೈಲು ಮೊದಲಿನಂತೆ ಬ್ಲಡ್ ಬ್ಯಾಂಕಿನ ಹೆಸರಿನಲ್ಲಿತ್ತು. ಎಲ್ಲ ಪರ್ಮಿಷನ್ ಸರಿಯಾಗಿತ್ತು. ಒಳಗೆ ಮೂರೇ ಹೆಸರು. ನನ್ನದು ಇರಲಿಲ್ಲ. ಡಾಕ್ಟರ್ ಹೇಳಿದರೆಂದು ಗಿರಿಜಾ ಅದನ್ನು ಹೊಸದಾಗಿ ಟೈಪ್ ಮಾಡಿದಳು. ಟೈಪ್ ಮಾಡುವಾಗ ನನ್ನ ಮುಖ ನೋಡಲಿಲ್ಲ.

ಆಫೀಸಿನಲ್ಲಿ ಬಾಸ್‌ಗೆ ಹೇಳಿದೆ. ಡಿಸ್ಕು ಎಲ್ಲೋ ಕೆಟ್ಟಿರಬೇಕು, ನೀನು ಹೆದರಿದ್ದೆ, ಅಕ್ಷರ ಹೆಚ್ಚುಕಡಿಮೆ ಓದಿದೆ ಎಂದರು. ಹೆಸರು ಹೇಗೆ ಬಂತು ಎಂದೆ. ಆ ಹುಡುಗಿ ಮೊದಲೇ ಹಾಕಿಟ್ಟಿರುತ್ತಾಳೆ ಎಂದರು. ನನಗೇ ಗೊತ್ತಿಲ್ಲದ ನನ್ನ ಗ್ರೂಪು ಆ ಹುಡುಗಿಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ. ಬಾಸ್ ಚಹಾ ತರಿಸಿದರು.

ಅಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಒಂದು ವಿಚಿತ್ರ ನಡೆಯಿತು, ಒಬ್ಬಳು ತಾಯಿ ಬದುಕಿದಳು ಎಂದು ಖುಷಿಯಾಗಿ ಇದ್ದುಬಿಡುತ್ತಿದ್ದೆ. ಆದರೆ ಸ್ವಲ್ಪ ದಿನ ಬಿಟ್ಟು ಡಾಕ್ಟರ್ ಫೋನ್ ಮಾಡಿದರು. ಈ ಗ್ರೂಪು ಒಡಹುಟ್ಟಿದವರಲ್ಲೂ ಇರಬಹುದು, ನಿಮಗೆ ಯಾರಿದ್ದಾರೆ ಎಂದು ಕೇಳಿದರು.

ನನಗೆ ಇರುವುದು ಒಬ್ಬಳೇ ತಂಗಿ, ಸುಮಾ. ಮದುವೆಯಾಗಿ ಮಲಾಡ್‌ನಲ್ಲಿದ್ದಾಳೆ. ಚೊಚ್ಚಲ ಬಸುರಿ. ಅವಳನ್ನು ಕರೆದುಕೊಂಡು ಹೋದೆ. ಅದೇ ಲ್ಯಾಬು, ಅದೇ ಗಾಜಿನ ಪಟ್ಟಿ. ಗಂಟಾಗಲಿಲ್ಲ.

ಡಾಕ್ಟರ್ ಅವಳನ್ನು ಹೊರಗೆ ಕೂರಿಸಿ ನನ್ನನ್ನು ಒಳಗೆ ಕರೆದರು. ಹೆರಿಗೆ ಡಿಸೆಂಬರ್‌ನಲ್ಲಿ. ಅವಳ ರಕ್ತವನ್ನೇ ತೆಗೆದು ಇಡೋಣವೆಂದರೆ ಅವಳ ಮೈಯಲ್ಲೇ ರಕ್ತ ಕಡಿಮೆ. "ನೀವು ಆವತ್ತು ಜಾಸ್ತಿನೇ ಕೊಟ್ಟಿದ್ದೀರಿ. ಜನವರಿ ಕಳೆಯೋ ತನಕ ನಿಮ್ಮಿಂದ ತಗೊಳ್ಳೋ ಹಾಗಿಲ್ಲ ಶ್ರೀಧರ್," ಎಂದರು. "ಹಾಗೇನೂ ಆಗಲ್ಲ ಬಿಡಿ. ಎಷ್ಟೋ ಹೆರಿಗೆ ರಕ್ತ ಬೇಡದೇ ಆಗುತ್ತೆ."

ಆಗುತ್ತದೆ, ನನಗೂ ಗೊತ್ತು. ಆದರೆ ಆ ರಾತ್ರಿ ಇಲ್ಲದೇ ಹೋಗಿದ್ದರೆ ಸುಮಾಳ ಗ್ರೂಪು ಯಾರಿಗೂ ತಿಳಿಯುತ್ತಿರಲಿಲ್ಲ, ಓ ಎಂದು ಬರೆದು ಓ ರಕ್ತವನ್ನೇ ಏರಿಸುತ್ತಿದ್ದರು ಎಂದು ಒಮ್ಮೆ ಅನಿಸುತ್ತದೆ. ಆ ರಾತ್ರಿ ನಡೆದದ್ದರಿಂದಲೇ ಅವಳಿಗಾಗಿ ಇರಬೇಕಾಗಿದ್ದ ರಕ್ತ ಈಗ ಶಾಂತವ್ವನ ಮೈಯಲ್ಲಿದೆ ಎಂದು ಇನ್ನೊಮ್ಮೆ ಅನಿಸುತ್ತದೆ. ಯೋಚಿಸಿ ಯೋಚಿಸಿ ರಾತ್ರಿ ನಿದ್ದೆ ಹತ್ತುವುದಿಲ್ಲ.

ಡಿಸೆಂಬರ್ ಬಂದಿದೆ. ನಾನು ಪ್ರತಿದಿನ ಸಂಜೆ ಕೆಲಸ ಮುಗಿಸಿ ಬಾಂದ್ರಾದಲ್ಲಿ ಇಳಿಯುತ್ತೇನೆ. ಗಿರಿಜಾ ಏನೂ ಕೇಳದೆ ಕುರ್ಚಿ ಬಿಟ್ಟುಕೊಡುತ್ತಾಳೆ. ಫೈಲು ತೆಗೆ ಎನ್ನುತ್ತೇನೆ. ಈಗ ಅದು ಯಾವ ತಕರಾರೂ ಇಲ್ಲದೆ ಹೇಳಿದ ತಕ್ಷಣ ತೆರೆಯುತ್ತದೆ. ಸತ್ತವರೊಬ್ಬರು, ಗಲ್ಫಿನವನು, ಹಡಗಿನವನು, ನಾನು, ಸುಮಾ. ಯಾರೂ ಟೈಪ್ ಮಾಡದ ಇನ್ನೊಂದು ಹೆಸರು ಕೆಳಗೆ ಬಂದಿದೆಯೇ ಎಂದು ನೋಡುತ್ತೇನೆ. ಇವತ್ತೂ ಬಂದಿಲ್ಲ.